ಎಡಗೈಯ ಪದಗಳು

ಕಲಿಯುವವರಿಗೆ ಬೆನ್ನು ತಿರುಗಿಸಿ ನಿಂತು ಪಾಠ ಹೇಳುವ ಮೇಷ್ಟ್ರನ್ನು ನಾನು ಕಂಡದ್ದು ಒಬ್ಬರನ್ನೇ. ಕುಂಬಾರಕೊಪ್ಪಲಿನ ಮುಖ್ಯರಸ್ತೆಯಲ್ಲಿ ಒಂದು ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕೆಳಗೆ ಗಿರಣಿಯ ಗರಗರ, ಮೇಲೆ ನಮ್ಮ ಮೆಷಿನ್ನುಗಳ ಕಟಕಟ. ಆ ಗದ್ದಲದ ನಡುವೆ ಸರ್ ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದರು, ಕಣ್ಣು ರಸ್ತೆಯ ಮೇಲೆ, ಕಿವಿ ನಮ್ಮ ಬೆರಳುಗಳ ಮೇಲೆ. ಇದ್ದಕ್ಕಿದ್ದಂತೆ, ತಿರುಗದೆಯೇ, ಮೂಲೆ ಮೆಷಿನ್ನಿನವಳ ಎಡಗೈ ಕಿರುಬೆರಳು ನಿದ್ದೆ ಹೊಡೀತಿದೆ, ಎಬ್ಬಿಸಮ್ಮ ಎನ್ನುತ್ತಿದ್ದರು. ನೋಡಿದರೆ ನಿಜವಾಗಿಯೂ ಅವಳ ಕಿರುಬೆರಳು ಗಾಳಿಯಲ್ಲಿ ಆಟ ಆಡುತ್ತಿರುತ್ತಿತ್ತು.

ಅಂಥ ಕಿವಿ. ಆ ಕಿವಿಗೆ ಊರಿನ ಎಲ್ಲರ ಬೆರಳೂ ಕೇಳಿಸುತ್ತಿತ್ತು, ತಮ್ಮ ಬಲಗೈ ಬೆರಳು ಮಾತ್ರ ಕೇಳಿಸಲಿಲ್ಲ. ಕೇಳಿಸಿಯೂ ಕೇಳಿಸದ ಹಾಗೆ ಇದ್ದರೋ ಏನೋ.

ತೊಂಬತ್ತರ ದಶಕದ ನಡುವಿನಲ್ಲಿ, ಪಿಯುಸಿ ಮುಗಿದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಸೇರಿದ್ದು. ಟೈಪಿಂಗ್ ಕಲಿತರೆ ಕೆಲಸವೂ ಸಿಗುತ್ತದೆ, ಗಂಡೂ ಸಿಗುತ್ತಾನೆ ಎಂದು ನಮ್ಮಪ್ಪನ ಲೆಕ್ಕಾಚಾರ. ಕೆಲಸವೇನೋ ಸಿಕ್ಕಿತು. ಗಂಡ ಸಿಕ್ಕಿದ್ದರಲ್ಲಿ ಟೈಪಿಂಗಿನ ಪಾತ್ರ ಏನೂ ಇಲ್ಲ, ಆ ಪುರಾಣ ಇಲ್ಲಿ ಬೇಡ. ಜೂನಿಯರ್, ಸೀನಿಯರ್ ಪರೀಕ್ಷೆ ಎರಡೂ ಪಾಸಾದ ಮೇಲೆ ಸರ್ ನನ್ನನ್ನು ಅಲ್ಲೇ ಹೊಸಬರಿಗೆ ಕಲಿಸಲು ಇಟ್ಟುಕೊಂಡರು. ಸರ್ಕಾರಿ ಕಚೇರಿಗೆ ಸೇರಿ ಸಿದ್ಧಾರ್ಥನಗರಕ್ಕೆ ಬಂದು ನೆಲೆಸುವ ತನಕ ನಾನು ಅವರ ಬೆನ್ನನ್ನೇ ನೋಡುತ್ತಾ ಬೆಳೆದವಳು.

ಬೇರೆ ಇನ್‌ಸ್ಟಿಟ್ಯೂಟುಗಳಲ್ಲಿ ಅಕ್ಷರ ಹೊಡೆಸುತ್ತಿದ್ದರು, ನಮ್ಮ ಸರ್ ಪದ ಹೊಡೆಸುತ್ತಿದ್ದರು. ಟೈಪ್‌ರೈಟರಿನಲ್ಲಿ ಇಂಗ್ಲಿಷಿನ ಅರ್ಧ ಅಕ್ಷರಗಳು ಎಡಗೈ ಬೆರಳುಗಳ ಪಾಲಿಗೆ, ಉಳಿದರ್ಧ ಬಲಗೈ ಪಾಲಿಗೆ. ಬರೀ ಎಡಗೈ ಅಕ್ಷರಗಳಿಂದಲೇ ಆಗುವ ಪದಗಳನ್ನು ಅವರು ಒಂದು ಗುಂಪು ಮಾಡಿದ್ದರು, ಬರೀ ಬಲಗೈ ಅಕ್ಷರಗಳಿಂದ ಆಗುವುದನ್ನು ಇನ್ನೊಂದು ಗುಂಪು. ಒಂದು ಕೈ ದುಡಿಯುವಾಗ ಇನ್ನೊಂದು ಕೈ ತೊಡೆಯ ಮೇಲೆ ತೆಪ್ಪಗೆ ಕೂತಿರಬೇಕು. ಪದ ಹೇಳುವರು, ಅರ್ಥ ಹೇಳುವರು, ನಾವು ಅರ್ಥವನ್ನು ಬಾಯಲ್ಲಿ ಹೇಳುತ್ತಾ ಪದವನ್ನು ಹೊಡೆಯಬೇಕು. ಅರ್ಥ ಗೊತ್ತಿಲ್ಲದ ಪದದ ಮೇಲೆ ಬೆರಳು ಇಟ್ಟರೆ ಅವರಿಗೆ ಆಗುತ್ತಿರಲಿಲ್ಲ. ಗೊತ್ತಿಲ್ಲದವರ ಮನೆ ಬಾಗಿಲು ತಟ್ಟುತ್ತೀರಾ ಎಂದು ಕೇಳುತ್ತಿದ್ದರು.

ಬಲಗೈ ಪಾಠ ಶುರುವಾದರೆ ಕೋಣೆಯೇ ಹಗುರಾಗುತ್ತಿತ್ತು. ಜಾಯ್, ಸಂತೋಷ. ಮಿಲ್ಕ್, ಹಾಲು. ಮೂನ್, ಚಂದ್ರ. ಲಿಲಿ, ನೈದಿಲೆ. ಹೋಲಿ, ಪವಿತ್ರ. ಹಿಲ್, ಬೆಟ್ಟ. ಹಿಲ್ ಎಂದಾಗ ಎಲ್ಲರೂ ಒಮ್ಮೆ ಚಾಮುಂಡಿ ಬೆಟ್ಟದ ದಿಕ್ಕಿಗೆ ಕತ್ತು ತಿರುಗಿಸುತ್ತಿದ್ದೆವು, ಕಾಣುತ್ತಿದ್ದುದು ಮಾತ್ರ ಎದುರು ಮನೆಯ ನೀರಿನ ಟ್ಯಾಂಕು.

ಎಡಗೈ ಪಾಠ ಹಾಗಲ್ಲ. ಡೆಡ್, ಸತ್ತ. ಗ್ರೇವ್, ಗೋರಿ. ವಾರ್, ಯುದ್ಧ. ಬೀಸ್ಟ್, ಮೃಗ. ವೇಸ್ಟ್, ಹಾಳು. ರಿಗ್ರೆಟ್, ಆದದ್ದಕ್ಕೆ ಮರುಗುವುದು. ನಡುನಡುವೆ ಸ್ವೀಟ್, ವಾಟರ್ ಎಂಬ ಒಳ್ಳೆಯ ಪದಗಳೂ ಬರುತ್ತಿದ್ದವು, ನಿಜ. ಆದರೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಹನ್ನೆರಡು ಹೆಣ್ಣುಮಕ್ಕಳು ಒಂದೇ ದನಿಯಲ್ಲಿ ಸತ್ತ, ಗೋರಿ, ಹಾಳು ಎಂದು ಹೇಳುತ್ತಾ ಎಡಗೈ ಕುಟ್ಟುವುದನ್ನು ಕೇಳಿಸಿಕೊಂಡು ಗಿರಣಿಗೆ ರಾಗಿ ತಂದವರು ಮೇಲಕ್ಕೆ ಕತ್ತೆತ್ತಿ ನೋಡುತ್ತಿದ್ದರು.

ಒಂದು ದಿನ ಒಬ್ಬಳ ತಾಯಿ ಮೆಟ್ಟಿಲು ಹತ್ತಿ ಜಗಳಕ್ಕೇ ಬಂದರು. ಮಗಳಿಗೆ ಗಂಡು ನೋಡುತ್ತಿದ್ದೇವೆ, ಮುಸ್ಸಂಜೆಯಲ್ಲಿ ಇಂಥ ಮಾತು ಆಡಿಸುತ್ತೀರಲ್ಲ, ಅದೂ ಎಡಗೈಯಲ್ಲಿ, ನಿಮಗೆ ಬೇರೆ ಮಾತು ಸಿಗಲಿಲ್ಲವೇ ಎಂದು ದಬಾಯಿಸಿದರು. ಸರ್ ಆವತ್ತು ಮೊದಲ ಬಾರಿಗೆ ಕಿಟಕಿ ಬಿಟ್ಟು ಇತ್ತ ತಿರುಗಿದರು. ಸಣ್ಣ ಆಳು, ಹಣೆಯ ಮೇಲೆ ಎದ್ದು ಕಾಣುವ ಮೂರು ಗೆರೆ ವಿಭೂತಿ, ಅಂಗಿಯೊಳಗೆ ಕೊರಳಿನಲ್ಲಿ ಲಿಂಗ.

"ನಮ್ಮನೇಲಿ ದೇವರು ಕೂರೋದೇ ಎಡಗೈ ಮೇಲೆ ಕಣಮ್ಮ. ಅದನ್ನ ಕೆಟ್ಟದ್ದು ಅಂತ ನಾನೆಂಗೆ ಅನ್ಲಿ?"

ಅವರ ಮನೆಯಲ್ಲಿ ಬೆಳಗಿನ ಪೂಜೆ ಹಾಗೆಯೇ. ಕೊರಳಿನ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ಹೂವು, ವಿಭೂತಿ ಏರಿಸುವುದು. ಆ ತಾಯಿ ಮೆಟ್ಟಿಲು ಇಳಿದು ಹೋದರು. ಆದರೆ ಮಾರನೆಯ ದಿನದಿಂದ ಅವರ ಮಗಳು ಬರಲಿಲ್ಲ. ಎದುರಿನ ಬೀದಿಯಲ್ಲಿ ಹೊಸದಾಗಿ ತೆರೆದಿದ್ದ ಕಂಪ್ಯೂಟರ್ ಸೆಂಟರಿಗೆ ಸೇರಿದಳೆಂದು ಆಮೇಲೆ ತಿಳಿಯಿತು.

ನನಗೆ ಬಾಯಿ ಸ್ವಲ್ಪ ಜಾಸ್ತಿ. ಒಮ್ಮೆ ಬಲಗೈ ಪಾಠದ ನಡುವೆ, ಸರ್, ಬಲಗೈಯಲ್ಲಿ ಕಿಲ್ ಕೂಡ ಬರುತ್ತದಲ್ಲ, ಅದನ್ನು ಯಾಕೆ ಹೇಳಿಕೊಡಲಿಲ್ಲ ಎಂದು ಕೇಳಿಬಿಟ್ಟೆ. ಕಿಲ್, ಕೊಲ್ಲು. ಬಲಗೈಯ ಎರಡೇ ಬೆರಳು ಸಾಕು ಅದಕ್ಕೆ. ಅದರೊಳಗೇ ಇಲ್ ಎಂಬುದೂ ಇತ್ತು, ಕಾಯಿಲೆ. ಹುಡುಗಿಯರು ಕಿಸಕ್ಕೆಂದರು. ಸರ್ ನಗಲಿಲ್ಲ. ತಮ್ಮ ಬಲಗೈಯನ್ನು ಎತ್ತಿ, ಒಳಗೂ ಹೊರಗೂ ತಿರುಗಿಸಿ ನೋಡಿಕೊಂಡರು. ಇದೆ, ಅದೂ ಅಲ್ಲೇ ಕೂತಿದೆ, ಗೊತ್ತಿದ್ದೇ ಬಿಟ್ಟಿದ್ದೆ ಎಂದರು. ಅವತ್ತಿನ ಪಾಠ ಅಲ್ಲಿಗೇ ನಿಂತಿತು.

ಎರಡು ಸಾವಿರ ಇಸವಿ ಹತ್ತಿರವಾಗುತ್ತಿದ್ದಂತೆ ಮೆಷಿನ್ನುಗಳ ಸದ್ದು ಕಡಿಮೆಯಾಗುತ್ತಾ ಬಂತು. ಗಿರಣಿಯ ಸದ್ದು ಮೇಲಕ್ಕೆ ಜೋರಾಗಿ ಕೇಳಿಸತೊಡಗಿತು. ಸರ್ ಕಂಪ್ಯೂಟರಿನ ಮೇಲೆ ಒಂದು ದಿನವೂ ಕೆಟ್ಟ ಮಾತು ಆಡಲಿಲ್ಲ. ಅದಕ್ಕೂ ಇದೇ ಅಕ್ಷರ, ಇದೇ ಜಾಗ, ನಾವು ಕಲಿಸಿದ್ದು ಎಲ್ಲಿಗೂ ಹೋಗಲ್ಲ ಎನ್ನುತ್ತಿದ್ದರು. ಆದರೆ ಆ ಯಂತ್ರದಲ್ಲಿ ಬೆರಳಿನ ಭಾರ ತಿಳಿಯುವುದಿಲ್ಲ ಎಂಬುದೊಂದು ಕೊರಗು ಅವರಿಗಿತ್ತು. ಟೈಪ್‌ರೈಟರಿನಲ್ಲಿ ಬೆರಳು ಗಟ್ಟಿಯಾಗಿ ಬಿದ್ದರೆ ಅಕ್ಷರ ಕಪ್ಪಾಗಿ ಮೂಡುತ್ತದೆ, ಸೋತರೆ ಮಂಕಾಗಿ ಮೂಡುತ್ತದೆ. ಕಾಗದ ನೋಡಿಯೇ ಅವರು ಯಾರಿಗೆ ಜ್ವರ, ಯಾರು ಊಟ ಬಿಟ್ಟು ಬಂದಿದ್ದಾರೆ ಎಂದು ಹೇಳುತ್ತಿದ್ದರು.

ಅಂಥ ಕೋಣೆಯಲ್ಲಿ ಆ ವರ್ಷ ನಾವೆಲ್ಲ ಸೇರಿ ಒಂದು ತಪ್ಪು ಮಾಡಿದೆವು.

ಹೊಸಬರಿಗೆ ನೋಡಿ ಹೊಡೆಯಲೆಂದು ಸರ್ ತಾವೇ ಟೈಪ್ ಮಾಡಿ ಗೋಡೆಗೆ ಅಂಟಿಸುವ ಮಾದರಿ ಹಾಳೆ ಇರುತ್ತಿತ್ತು. ಒಂದು ದಿನ ಆ ಹಾಳೆಯಲ್ಲಿ ಎಡಗೈ ಪದಗಳೆಲ್ಲ ಕಾಡಿಗೆಯಂತೆ ಕಪ್ಪಗೆ, ಬಲಗೈ ಪದಗಳು ಮಬ್ಬಾಗಿ ಮೂಡಿದ್ದವು. ಡೆಡ್, ಗ್ರೇವ್ ದೂರದಿಂದಲೂ ಕಾಣುತ್ತಿದ್ದವು, ಜಾಯ್, ಮೂನ್ ಹತ್ತಿರ ಹೋದರೂ ತಡಕಾಡಬೇಕು. ರಿಬ್ಬನ್ನು ಒಣಗಿದೆ ಎಂದರು ಸರ್. ಹೊಸ ರಿಬ್ಬನ್ ಹಾಕಿದೆವು. ಹಾಗೇ ಬಂತು. ಈ ಮೆಷಿನ್ನಿನ ಬಲಗಡೆಯ ಅಕ್ಷರದ ಕಡ್ಡಿಗಳಿಗೆ ಧೂಳು ಹಿಡಿದಿದೆ ಎಂದರು. ಬ್ರಷ್ಷಿಗೆ ಸೀಮೆಎಣ್ಣೆ ಹಚ್ಚಿ ಎಲ್ಲರೂ ಕೂತು ಉಜ್ಜಿದೆವು. ಹಾಗೇ ಬಂತು. ಆಮೇಲೆ ಅವರು ಮೆಷಿನ್ ಬದಲಿಸಿದರು, ಅದನ್ನೂ ಬದಲಿಸಿದರು. ಕೋಣೆಯಲ್ಲಿರುವ ಒಂದೊಂದು ಮೆಷಿನ್ನಿಗೂ ಒಂದೇ ಕಾಯಿಲೆ ಹೇಗೆ ಬಂತು ಎಂದು ನಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ ನೋಡಿ. ಬೇರೆ ಯಾರ ಹಾಳೆಯಾದರೂ ಆಗಿದ್ದರೆ ಮೊದಲು ಬೆರಳಿನ ಮೇಲೆಯೇ ಅನುಮಾನ ಬರುತ್ತಿತ್ತು. ಸರ್ ಬೆರಳು ಸೋಲುವುದು ನಮ್ಮ ಕಲ್ಪನೆಯಲ್ಲೇ ಇರಲಿಲ್ಲ, ಮೆಷಿನ್ ಕೆಡುತ್ತದೆ, ಸರ್ ಕೆಡುವುದಿಲ್ಲ.

ಕೊನೆಗೆ ಒಂದು ಮಧ್ಯಾಹ್ನ, ಅವರು ಊಟಕ್ಕೆ ಹೋದಾಗ, ಅವರು ಬಿಟ್ಟೆದ್ದ ಮೆಷಿನ್ನಿನ ಮುಂದೆ ಕೂತು ಅದೇ ಹಾಳೆಯಲ್ಲಿ ಅವರ ಸಾಲಿನ ಕೆಳಗೆ ನಾನು ಜಾಯ್ ಎಂದು ಹೊಡೆದೆ. ಕಪ್ಪಗೆ, ಗುಂಡಗೆ ಮೂಡಿತು. ಮೇಲೆ ಅವರದು, ಕೆಳಗೆ ನನ್ನದು. ಕೆಟ್ಟಿದ್ದು ಮೆಷಿನ್ ಅಲ್ಲ.

ಆವತ್ತಿನಿಂದ ನನ್ನ ಕಣ್ಣಿಗೆ ಬೇರೆಯವೂ ಬೀಳತೊಡಗಿದವು. ಹಣೆಯ ಮೇಲಿನ ವಿಭೂತಿಯ ಗೆರೆಗಳು ಒಂದು ಕಡೆಗೆ ವಾಲಿ ಇಳಿಯುತ್ತಿದ್ದವು. ಕಾಫಿ ಲೋಟವನ್ನು ಎಡಗೈಗೆ ತೆಗೆದುಕೊಳ್ಳುತ್ತಿದ್ದರು. ಒಂದು ಸಂಜೆ ಬಲಗೈ ಪಾಠದಲ್ಲಿ ಮೂನ್ ಎಂದವರು ಹಾಗೇ ನಿಂತುಬಿಟ್ಟರು. ಬಾಯಿ ತೆರೆದಿತ್ತು, ಅರ್ಥ ಬರಲಿಲ್ಲ. ಪರೀಕ್ಷೆ ಮಾಡುತ್ತಿದ್ದಾರೆಂದುಕೊಂಡು ಒಬ್ಬಳು ಚಂದ್ರ ಸರ್ ಎಂದಳು. ಹ್ಞಾಂ, ಅದೇ, ಅದೇ ಎಂದು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿಕೊಂಡರು. ಸರಳು ಹಿಡಿದಿದ್ದ ಎಡಗೈ ಬಿಳಿಚಿಕೊಳ್ಳುವಷ್ಟು ಬಿಗಿಯಾಗಿತ್ತು, ಬಲಗೈ ಪಕ್ಕಕ್ಕೆ ಜೋತುಬಿದ್ದಿತ್ತು.

ನಾನು ನೇರವಾಗಿ ಹೇಳಿದೆ. ಸರ್, ಮೆಷಿನ್ನಿಗೆ ಏನೂ ಆಗಿಲ್ಲ, ಡಾಕ್ಟರ ಹತ್ತಿರ ಹೋಗಿ ಬನ್ನಿ ಎಂದೆ. ಅವರು ನಕ್ಕರು. ಕೈ ಮೇಲೆ ತಲೆಯಿಟ್ಟು ಮಲಗಿದ್ದೆ, ಜೋಮು ಎಂದರು. ಇನ್ನೊಂದು ದಿನ ಕೇಳಿದರೆ ಸೈಕಲ್ಲಿನ ಹ್ಯಾಂಡಲ್ ತಾಗಿತು ಎಂದರು. ಮೂರನೆಯ ಬಾರಿ ಕೇಳಿದ್ದಕ್ಕೆ ರೇಗಿದರು. ಪರೀಕ್ಷೆ ಹತ್ತಿರ ಬಂದಿದೆ, ಮೇಷ್ಟ್ರ ಕೈ ಹೋಯಿತಂತೆ ಎಂದು ಒಂದು ಮಾತು ಹೊರಗೆ ಬಿದ್ದರೆ ಉಳಿದಿರುವ ಮಕ್ಕಳೂ ಎದುರು ಬೀದಿಗೆ ಹೋಗುತ್ತಾರೆ, ಪರೀಕ್ಷೆ ಮುಗಿಯಲಿ, ಆಮೇಲೆ ಎಲ್ಲಿಗೆ ಬೇಕಾದರೂ ಬರುತ್ತೇನೆ ಎಂದರು.

ಇದು ನನ್ನಿಂದಾಗದ ಕೆಲಸ ಎಂದು ಅವರ ಮನೆಗೆ ಹೋದೆ. ಗಿರಣಿಯ ಹಿಂದಿನ ಬೀದಿಯಲ್ಲೇ ಮನೆ. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಕನ್ನಡ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುವವರು, ಇಂಗ್ಲಿಷ್ ಬಾರದು. ನಾನು ಹಾಳೆಯ ವಿಷಯ ಹೇಳುತ್ತಿದ್ದರೆ ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಪೂಜೇಲಿ ಹೂವು ಲಿಂಗದ ಮೇಲೆ ಬೀಳ್ತಿಲ್ಲ ಕಣಮ್ಮ. ಮಂಡಿ ಮೇಲೆ ಬೀಳ್ತದೆ. ನಾನು ನೋಡ್ನಿಲ್ಲ ಅನ್ಕಂಡು ಹೆಂಗೋ ಎತ್ತಿ ಮತ್ತೆ ಇಟ್ಕತಾರೆ."

ಆಮೇಲೆ ಅವರು ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದರು. ಸರ್ ತಂದೆಗೆ ಲಕ್ವ ಹೊಡೆದು ವರ್ಷಗಟ್ಟಲೆ ಮಂಚ ಹಿಡಿದಿದ್ದರಂತೆ. ಕೈಕಾಲು ಬಿದ್ದುಹೋಗಿ, ಮಾತು ಹೋಗಿ, ಕಣ್ಣು ಮಾತ್ರ ತಿರುಗುತ್ತಿತ್ತಂತೆ. ಅನ್ನ ತಿನ್ನಿಸಿ ಬಾಯಿ ಒರೆಸುತ್ತಿದ್ದವರು ನಮ್ಮ ಸರ್. ಆ ಮನೆಯಲ್ಲಿ ಆಮೇಲೆ ಲಕ್ವ ಎಂಬ ಶಬ್ದ ಯಾರೂ ಎತ್ತುವ ಹಾಗಿರಲಿಲ್ಲ. ಬೀದಿಯಲ್ಲಿ ಯಾರಿಗಾದರೂ ಆಯಿತೆಂದರೆ ಸರ್ ಎದ್ದು ಒಳಗೆ ಹೋಗುತ್ತಿದ್ದರಂತೆ. ಹೆದರಿಕೇನಾ ಎಂದು ಅಕ್ಕ ಎಷ್ಟೋ ಸಲ ಕೇಳಿದ್ದಾರೆ, ನನಗೆಂಥ ಹೆದರಿಕೆ ಎಂಬುದು ಒಂದೇ ಉತ್ತರ. ಒಂದು ಸಲ ಹೆದರಿಕೆ ಅಂತ ಒಪ್ಪಿಕೊಂಡಿದ್ದರೆ ನಾನೇ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ, ಇಲ್ಲ ಅನ್ನುವವರನ್ನು ಎಲ್ಲಿಗೆ ಎಳೆದುಕೊಂಡು ಹೋಗಲಿ ಎಂದು ಅಕ್ಕ ಕಣ್ಣು ಒರೆಸಿಕೊಂಡರು.

ಅವತ್ತು ರಾತ್ರಿ ಅವರಿಬ್ಬರಿಗೂ ಜಗಳವಾಯಿತಂತೆ. ಫಲ ಇಷ್ಟೇ, ಮಾರನೆಯ ದಿನದಿಂದ ಸರ್ ಮಾದರಿ ಹಾಳೆ ಟೈಪ್ ಮಾಡುವುದನ್ನೇ ಬಿಟ್ಟರು. ನೀನೇ ಹೊಡೆದುಬಿಡು ಎಂದು ನನಗೆ ವಹಿಸಿದರು. ಬಲಗೈ ಪಾಠವನ್ನೂ ನನಗೇ ಕೊಟ್ಟರು. ಅವರು ಹೇಳುತ್ತಿದ್ದುದು ಎಡಗೈ ಪದಗಳನ್ನು ಮಾತ್ರ. ದಿನಾ ಅದೇ, ಸತ್ತ, ಗೋರಿ, ಹಾಳು. ಹುಡುಗಿಯರು ಮೊದಲಿನಂತೆ ನಗುತ್ತಿರಲಿಲ್ಲ. ಯಾಕೋ ಆ ಕೋಣೆಗೆ ಬರಲು ಹಿಂಸೆ ಆಗುತ್ತದೆ ಕಣೇ ಎಂದು ಒಬ್ಬಳು ಮೆಟ್ಟಿಲಿನಲ್ಲಿ ಇನ್ನೊಬ್ಬಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನಗೂ ಹಾಗೇ ಆಗುತ್ತಿತ್ತು.

ಆಗೆಲ್ಲ ಪರೀಕ್ಷೆಗೆ ಅವರವರ ಮೆಷಿನ್ ಅವರೇ ಕೊಂಡೊಯ್ಯಬೇಕು. ಪರೀಕ್ಷೆಯ ದಿನ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಹಳೇ ಸೀರೆ ಹಾಸಿ, ಮೆಷಿನ್ನುಗಳನ್ನು ಒತ್ತೊತ್ತಾಗಿ ಇಟ್ಟು, ಪರೀಕ್ಷೆ ನಡೆಯುವ ಶಾಲೆಗೆ ತಲುಪಿಸಿದೆವು. ಹೊರುವಾಗ ಸರ್ ಒಂದು ಮೆಷಿನ್ನಿಗೂ ಕೈ ಹಾಕಲಿಲ್ಲ, ಆಟೋದ ಮುಂದೆ ಕೂತಿದ್ದರು. ಹುಡುಗಿಯರು ಒಳಗೆ ಹೋದ ಮೇಲೆ ಅವರು ಪ್ರತಿವರ್ಷದಂತೆ ಪರೀಕ್ಷೆ ಕೋಣೆಯ ಹೊರಗೋಡೆಗೆ ಒರಗಿ ನಿಂತರು. ಅಲ್ಲಿ ನಿಂತು, ಒಳಗೆ ಬಡಿಯುವ ಅಷ್ಟೂ ಮೆಷಿನ್ನುಗಳ ನಡುವೆ ತಮ್ಮವರ ಸದ್ದನ್ನು ಹೆಕ್ಕಿ, ಅವಳು ಸರಿ ಹೋಗ್ತಿದಾಳೆ, ಇವಳು ತಡವರಿಸಿದಳು ಎಂದು ನನಗೆ ಹೇಳುವುದು ಅವರ ಪದ್ಧತಿ. ನಾನು ಪಕ್ಕದಲ್ಲಿದ್ದೆ.

ಗಂಟೆ ಹೊಡೆಯಿತು. ಒಳಗೆ ಮೆಷಿನ್ನುಗಳು ಒಮ್ಮೆಲೇ ಶುರುವಾದವು. ಸರ್ ತಲೆ ಓರೆ ಮಾಡಿ ಕೇಳಿಸಿಕೊಂಡರು. ಅವರ ಮುಖ ಸುಕ್ಕುಗಟ್ಟಿತು.

"ಯಾಕೆ ಯಾರೂ ಬಲಗೈ ಹೊಡೀತಾ ಇಲ್ಲ?" ಎಂದರು.

ನನಗೆ ಅರ್ಥವಾಗಲಿಲ್ಲ. ಎಲ್ಲ ಸರಿಯಾಗಿ ಹೊಡೆಯುತ್ತಿದ್ದಾರೆ ಸರ್ ಎಂದೆ. ಇಲ್ಲ ಎಂಬಂತೆ ತಲೆಯಾಡಿಸಿದರು. ಇನ್ನೇನೋ ಹೇಳಲು ಹೋದರು, ಬಂದದ್ದು ಮಾತಲ್ಲ. ಬಾಯಿಯ ಒಂದು ತುದಿ ಕೆಳಗೆ ಜಾರಿತು. ಗೋಡೆಗೆ ಅಂಗಿ ಉಜ್ಜಿಕೊಂಡು ಹಾಗೇ ಕುಸಿದರು, ನಾನು ಹಿಡಿದುಕೊಂಡರೂ ನಿಲ್ಲಲಿಲ್ಲ. ಒಳಗೆ ಅವರ ಹುಡುಗಿಯರು ಹೊಡೆಯುತ್ತಲೇ ಇದ್ದರು. ಮೆಷಿನ್ ತಂದಿದ್ದ ಆಟೋದಲ್ಲೇ, ಅದೇ ಹಳೇ ಸೀರೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಸೇರಿಸಿದೆವು. ತಡ ಮಾಡಿದಿರಿ, ಮೊದಲೇ ಸೂಚನೆ ಕೊಟ್ಟಿರುತ್ತಲ್ಲ ಎಂದರು ಡಾಕ್ಟರು. ಕೊಟ್ಟಿತ್ತು, ನಾವು ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದೆವು.

ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು, ಮಾತು ಪೂರ್ತಿ ಹೋಯಿತು. ಮನೆಗೆ ಕರೆತಂದ ಮೇಲೆ ನಾನು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಅವರ ಹುಡುಗಿಯರೆಲ್ಲ ಪಾಸಾಗಿದ್ದನ್ನು ಹೇಳಿದಾಗ ಕಣ್ಣು ಮಿಟುಕಿಸಿದರು, ಅಷ್ಟೇ. ಅಕ್ಕ ಅವರ ಎದುರಿಗೆ ಗಟ್ಟಿಗಿತ್ತಿಯ ಹಾಗೆ ಓಡಾಡುತ್ತಿದ್ದರು. ಎಲ್ಲಾ ಸರಿ ಹೋಯ್ತದೆ ಬುಡಿ ಎಂದು ಗಂಜಿ ಕುಡಿಸುವಾಗ ಒಂದು ಸಲ, ಮಗ್ಗುಲು ಬದಲಿಸುವಾಗ ಒಂದು ಸಲ ಹೇಳುತ್ತಿದ್ದರು. ಅಡುಗೆಮನೆಗೆ ಬಂದು ನನ್ನ ಮುಂದೆ ಅಳುತ್ತಿದ್ದರು.

ಸರ್ ಎಡಗೈಯಿಂದ ಏನೋ ಕೇಳುತ್ತಿದ್ದರು. ಗಾಳಿಯಲ್ಲಿ ಬೆರಳು ಆಡಿಸುವರು, ಕಿಟಕಿಯಾಚೆ ಗಿರಣಿಯ ಕಡೆ ತೋರಿಸುವರು. ನೀರು, ಬೀಸಣಿಗೆ, ದೇವರ ಫೋಟೋ ಎಂದು ಅಕ್ಕ ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಮುಂದಿಟ್ಟರು. ನಾನು ನೋಡಿದ ಕೂಡಲೇ ಗೊತ್ತಾಯಿತು. ಒಂದು ಮೆಷಿನ್ನನ್ನು ಮನೆಗೆ ತರಿಸಿದೆ. ಅದೇ ಇವರ ಕೈ ತಿಂದದ್ದು, ಮನೆಯೊಳಗೆ ಬೇಡ ಎಂದು ಅಕ್ಕ ಹಟ ಹಿಡಿದರು. ಒಪ್ಪಿಸುವುದರಲ್ಲಿ ಸಾಕುಸಾಕಾಯಿತು. ದಿಂಬು ಒತ್ತು ಕೊಟ್ಟು ಕೂರಿಸಿ, ಹಾಳೆ ಏರಿಸಿ, ಅವರ ಮುಂದೆ ಸ್ಟೂಲಿನ ಮೇಲೆ ಇಟ್ಟೆವು.

ಎಡಗೈ ತನ್ನ ಜಾಗವನ್ನು ತಾನೇ ಹುಡುಕಿಕೊಂಡಿತು. ಡೆಡ್, ಗ್ರೇವ್, ವಾರ್, ವೇಸ್ಟ್. ಅದೇ ತಾಳ, ಅದೇ ಕಪ್ಪು. ಆ ಸದ್ದು ಕೇಳಿ ನನಗೆ ಸಂತೋಷ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಅಕ್ಕನಿಗೆ ಆತಂಕ. ಏನ್ ಬರೀತಾವ್ರೆ, ಏನಾದ್ರೂ ಹೇಳ್ತಾವ್ರಾ ಎಂದು ನನ್ನ ತೋಳು ಹಿಡಿದರು. ಪಾಠ ಕಣಕ್ಕಾ, ದಿನಾ ಹೇಳಿಕೊಡುತ್ತಿದ್ದರಲ್ಲ, ಅದೇ, ಕೈಗೆ ಅಭ್ಯಾಸ ಎಂದೆ. ಅರ್ಥ ಹೇಳಲಿಲ್ಲ. ಆ ಹೆಂಗಸಿಗೆ ಆ ಅರ್ಥಗಳನ್ನು ಹೇಗೆ ಹೇಳುವುದು?

ಸರ್ ಎರಡು ಸಾಲು ಮುಗಿಸಿ ನಿಲ್ಲಿಸಿದರು. ಆಮೇಲೆ ಹೊಸ ಸಾಲಿಗೆ ಬಂದು ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ತಡೆದು, ಇನ್ನೊಂದು ಪದ ಹೊಡೆದರು. ಮತ್ತೆ ಅದನ್ನೇ ಹೊಡೆದರು. ಸಾಲು ತುಂಬುವ ತನಕ ಅದನ್ನೇ. ನನ್ನ ಸಂತೋಷ ಇಂಗಿಹೋಯಿತು. ಅಕ್ಕ ಬಗ್ಗಿ ಆ ಸಾಲಿನ ಮೇಲೆ ಬೆರಳಿಟ್ಟರು. ಇದೂ ಪಾಠದ್ದೇನಾ ಎಂದರು.

ಅಲ್ಲ. ಅಷ್ಟು ವರ್ಷಗಳಲ್ಲಿ ಅವರು ಆ ಪದವನ್ನು ನಮಗೆ ಹೇಳಿಕೊಟ್ಟಿರಲಿಲ್ಲ. ಸರ್ ನನ್ನನ್ನೇ ನೋಡುತ್ತಿದ್ದರು, ಹೇಳು ಎಂಬ ಹಾಗೆ. ಆ ನೋಟಕ್ಕೆ ನಾನು ಯಾವತ್ತೂ ಇಲ್ಲ ಎಂದವಳಲ್ಲ.

"ಸ್ಕೇರ್ಡ್ ಅಂತ ಇದೆ ಅಕ್ಕ. ಹೆದರಿಕೆ ಆಗಿದೆ ಅಂತ."

ಸರ್ ಎಡಗೈಯನ್ನು ಮೆಷಿನ್ನಿನಿಂದ ಎತ್ತಿ ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಅಕ್ಕ ಅವರ ಮುಖ ನೋಡಿದರು. ಎಲ್ಲಾ ಸರಿ ಹೋಯ್ತದೆ ಎನ್ನಲಿಲ್ಲ. ಸ್ಟೂಲನ್ನು ಪಕ್ಕಕ್ಕೆ ಸರಿಸಿ, ಅವರ ಮಗ್ಗುಲಲ್ಲಿ ಮಂಚದ ಮೇಲೆ ಕೂತು, ಅವರ ಹೆಗಲಿಗೆ ತಲೆ ಒರಗಿಸಿದರು.

"ನಂಗೂ ಆಗದೆ ಕಣ್ರೀ," ಎಂದರು. "ನಂಗೂ ಬಾಳ ಹೆದ್ರಿಕೆ ಆಗದೆ."